ಕಡಲ ಮುಸಾಫಿರನ ಹಕ್ಕು

(ಇಂಡಿ ತಾಲೂಕಿನ ಅಗರಖೇಡದಲ್ಲಿ ಸುತ್ತಲಿನ ಊರುಗಳ ಕುಟುಂಬಗಳಿಗಾಗಿ ಏರ್ಪಡಿಸಲಾದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಭೀಮಾ ನದಿಯ ದಂಡೆಯಲ್ಲಿರುವ ಈ ಊರಿನಲ್ಲಿ ನಿಂತು ನಾನು ಸಮುದ್ರದ ಕುರಿತು ಮಾತನಾಡಲು ಹೊರಟಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನಮ್ಮಲ್ಲಿ ಅನೇಕರು ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಆದರೂ ಈ ವಿಷಯವನ್ನೇ ಆರಿಸಿಕೊಳ್ಳಲು ನನಗೆ ಒಂದು ಕಾರಣವಿದೆ. ಅದು ನನ್ನದೇ ತಪ್ಪಿಗೆ ಸಂಬಂಧಿಸಿದ್ದು. ಅದನ್ನು ಮೊದಲು ನಿಮ್ಮ ಮುಂದಿಟ್ಟು ಮಾತು ಆರಂಭಿಸುವುದು ಉಚಿತ.

ಕೆಲವು ವರ್ಷಗಳ ಹಿಂದೆ ನಾನು ನಮ್ಮ ಪಟ್ಟಣದ ಒಂದು ಮಸೀದಿ ಕಮಿಟಿಯ ಸದಸ್ಯನಾಗಿದ್ದೆ. ಒಂದು ಶುಕ್ರವಾರ ಜುಮಾ ನಮಾಝಿನ ಬಳಿಕ ಓರ್ವ ತಾಯಿ ಗೇಟಿನ ಬಳಿ ನಮಗಾಗಿ ಕಾದು ನಿಂತಿದ್ದರು. ಅವರ ಮಗ ಸಾಲ ಮಾಡಿ ಏಜೆಂಟನೊಬ್ಬನಿಗೆ ಹಣ ಕೊಟ್ಟು, ವಿಸಿಟ್ ವೀಸಾದಲ್ಲಿ ಕೊಲ್ಲಿಗೆ ಹೋಗಿ, ಒಂದು ಸಣ್ಣ ಸರಕು ಹಡಗಿಗೆ ಸೇರಿದ್ದ. ಏಳು ತಿಂಗಳಿನಿಂದ ಸಂಬಳ ಬಂದಿರಲಿಲ್ಲ. ಹಡಗು ಬಂದರಿನ ಹೊರಗೆ ಲಂಗರು ಹಾಕಿ ನಿಂತಿತ್ತು. ಮಾಲೀಕ ಫೋನ್ ಎತ್ತುತ್ತಿರಲಿಲ್ಲ. ಕುಡಿಯುವ ನೀರಿಗೂ ಲೆಕ್ಕವಿತ್ತು. ಆ ತಾಯಿ ನಮ್ಮಲ್ಲಿ ಹಣ ಕೇಳಲಿಲ್ಲ. "ಭಾಯೀ, ನನ್ನ ಮಗ ಉಂಡಾನೋ ಇಲ್ಲೋ ಅಷ್ಟು ತಿಳಕೊಂಡು ಹೇಳ್ರಿ. ಸರಕಾರಕ್ಕ ಅರ್ಜಿ ಬರಿಯಾಕ ಯಾರನ್ನಾರ ಕೊಡ್ರಿ" ಎಂದಷ್ಟೇ ಹೇಳಿದರು.

"ಇದು ಮಸೀದಿ ಕಮಿಟಿಯ ಕೆಲಸವಲ್ಲಮ್ಮಾ, ಸರಕಾರದ ಕೆಲಸ. ನಾವು ದುಆ ಮಾಡುತ್ತೇವೆ" ಎಂಬ ಉತ್ತರ ನಮ್ಮಿಂದ ಹೋಯಿತು. ಆ ಮಾತನ್ನು ಆಡಿದವನು ನಾನೇ. ಅಂದು ಸಂಜೆ ಅದೇ ಕಮಿಟಿ ಮಿನಾರಕ್ಕೆ ಯಾವ ಬಣ್ಣದ ದೀಪ ಹಾಕಿಸಬೇಕು ಎಂಬ ಕುರಿತು ಒಂದು ಗಂಟೆಗೂ ಹೆಚ್ಚು ಕಾಲ ಚರ್ಚಿಸಿತು. ಆ ಚರ್ಚೆಯಲ್ಲಿ ನಾನು ಬಹಳ ಉತ್ಸಾಹದಿಂದ ಭಾಗವಹಿಸಿದ್ದೆ.

ಆ ಹುಡುಗ ಮರಳಿ ಬಂದದ್ದು ಹೇಗೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು, ನಾನು ಕೊಟ್ಟ ಉತ್ತರ ಎಷ್ಟು ತಪ್ಪಾಗಿತ್ತು ಎಂಬುದನ್ನು ಪರಿಶೀಲಿಸೋಣ.

ಕಡಲು ನಮಗೆ ದೂರವೇ?

ವಿಶ್ವದ ವ್ಯಾಪಾರದ ಸರಕಿನಲ್ಲಿ ಪ್ರಮಾಣದ ಲೆಕ್ಕದಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಭಾಗ ಸಾಗುವುದು ಹಡಗಿನಲ್ಲಿ. ರಮಝಾನಿನ ಸಂಜೆ ನಾವು ಉಪವಾಸ ಬಿಡುವ ಅರಬ್ ನಾಡಿನ ಖರ್ಜೂರ, ಅಡುಗೆ ಮನೆಯ ಪಾಮ್ ಎಣ್ಣೆ, ಕಬ್ಬಿನ ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ, ಇವೆಲ್ಲ ಯಾರೋ ತಿಂಗಳುಗಟ್ಟಲೆ ಹೆಂಡತಿ ಮಕ್ಕಳ ಮುಖ ಕಾಣದೆ ದುಡಿದ ಕಾರಣ ನಮ್ಮ ಮನೆಗೆ ಬಂದು ತಲುಪಿವೆ. ಮಂಗಳೂರು ಮತ್ತು ಮಲ್ಪೆಯ ಮೀನುಗಾರಿಕಾ ದಕ್ಕೆಗಳಿಗೆ ಹೋಗಿ ನೋಡಿದವರಿಗೆ ಅಲ್ಲಿ ಬುಟ್ಟಿ ಹೊರುವವರ ಬಾಯಲ್ಲಿ ಉತ್ತರ ಕರ್ನಾಟಕದ ಮಾತು ಕೇಳಿಸುತ್ತದೆ. ದಕ್ಕೆಯಿಂದ ಬೋಟಿಗೆ, ಬೋಟಿನಿಂದ ಹಡಗಿಗೆ ಇರುವ ದೂರ ಬಹಳವಲ್ಲ.

ನಮ್ಮ ಜಿಲ್ಲೆಯ ಚರಿತ್ರೆಯೂ ಇದಕ್ಕೆ ಹೊರತಲ್ಲ. ವಿಜಯಪುರದ ಆದಿಲ್ ಶಾಹಿಗಳ ಕಾಲದಲ್ಲಿ ಕೊಂಕಣದ ದಾಭೋಳ ಅವರ ಮುಖ್ಯ ಬಂದರಾಗಿತ್ತು. ಈ ಬಯಲು ಸೀಮೆಯ ಹಜ್ ಯಾತ್ರಿಕರು ಘಟ್ಟ ಇಳಿದು ಅಲ್ಲಿಂದಲೇ ಹಡಗು ಹತ್ತುತ್ತಿದ್ದರು. ವಿಜಯಪುರದ ತಾಜ್ ಬಾವಡಿಯನ್ನು ನೀವೆಲ್ಲ ಕಂಡಿದ್ದೀರಿ. 1620ರಲ್ಲಿ ಕಟ್ಟಿದ ಆ ಬಾವಡಿಯ ಎರಡೂ ಬದಿಯ ಕಟ್ಟಡಗಳು ಪ್ರಯಾಣಿಕರ ವಿಶ್ರಾಂತಿಗಾಗಿ ಇದ್ದವು. ಊರಿಗೆ ಬಂದ ಅಪರಿಚಿತನಿಗೆ ಮೊದಲು ನೀರು, ಆಮೇಲೆ ನೆರಳು, ಕೊನೆಗೆ ಪ್ರಶ್ನೆ ಎಂಬುದು ಆಗಿನವರ ರೀತಿಯಾಗಿತ್ತು. ಮುಸ್ತಫಾ ಖಾನ್ ಅದೇ ನಗರದಲ್ಲಿ ಕಟ್ಟಿಸಿದ ದೊಡ್ಡ ಸರಾಯಿ ನಂತರದ ಕಾಲದಲ್ಲಿ ಜೈಲಾಯಿತು. ಮುಸಾಫಿರನಿಗಾಗಿ ತೆರೆದ ಬಾಗಿಲು ಬೀಗ ಹಾಕುವ ಬಾಗಿಲಾದದ್ದು ಕಟ್ಟಡಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯೋ ಅಥವಾ ನಮ್ಮ ಮನಸ್ಸಿಗೂ ಅನ್ವಯಿಸುತ್ತದೆಯೋ ಎಂದು ನಾವು ಕೇಳಿಕೊಳ್ಳಬೇಕು.

ಎಂಟರಲ್ಲಿ ನಾಲ್ಕು

ಪವಿತ್ರ ಕುರ್‌ಆನಿನ ಅತ್ತೌಬಾ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತಿನ ಎಂಟು ಹಕ್ಕುದಾರರನ್ನು ಹೇಳಲಾಗಿದೆ. ಅವರಲ್ಲಿ ಬಡವ ಮತ್ತು ಸಾಲಗಾರನನ್ನು ನಾವು ಬಲ್ಲೆವು. ಪ್ರಯಾಣಿಕನಿಗೆ, ಅಂದರೆ ದಾರಿಯಲ್ಲಿ ನಿರ್ಗತಿಕನಾದವನಿಗೆ, ಅಲ್ಲಿ ಪ್ರತ್ಯೇಕ ಸ್ಥಾನವಿದೆ ಎಂಬುದನ್ನು ಮಾತ್ರ ಮರೆತಿದ್ದೇವೆ. ಊರಿನಲ್ಲಿ ಮನೆ ಹೊಲ ಇದ್ದರೂ ದಾರಿಯಲ್ಲಿ ಕೈ ಬರಿದಾದವನು ಅಗತ್ಯವಿರುವಷ್ಟನ್ನು ಪಡೆಯಲು ಅರ್ಹನೆಂದು ವಿದ್ವಾಂಸರು ವಿವರಿಸಿದ್ದಾರೆ.

ಇನ್ನೊಂದು ಕಡೆ ನೋಡಿ. ಪ್ರತಿ ಶುಕ್ರವಾರ ನಾವು ಓದುವ ಅಲ್‌ಕಹ್ಫ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ) ಅವರ ಪ್ರಯಾಣದ ಪ್ರಸಂಗವಿದೆ. ಅವರ ಜೊತೆಗಾರರು ಒಂದು ಹಡಗಿಗೆ ತೂತು ಕೊರೆಯುತ್ತಾರೆ. ಆ ಹಡಗು ಸಮುದ್ರದಲ್ಲಿ ದುಡಿಯುವ ಮಿಸ್ಕೀನರದ್ದು, ಮುಂದೆ ಒಳ್ಳೆಯ ಹಡಗುಗಳನ್ನೆಲ್ಲ ಬಲವಂತವಾಗಿ ಕಸಿಯುವ ಅರಸನಿದ್ದಾನೆ, ಆದ್ದರಿಂದ ಅದನ್ನು ದೋಷಯುಕ್ತಗೊಳಿಸಿದೆ ಎಂಬುದು ಅವರು ನೀಡುವ ಕಾರಣ. ಕೈಯಲ್ಲಿ ಒಂದು ಹಡಗಿದ್ದರೂ ಕಡಲ ದುಡಿಮೆಗಾರರನ್ನು ಮಿಸ್ಕೀನರೆಂದೇ ಕರೆಯಲಾಗಿದೆ ಎಂಬುದು ಗಮನಾರ್ಹ. ಸ್ವಲ್ಪ ಆಸ್ತಿಯಿದ್ದವನೂ ಮಿಸ್ಕೀನನಾಗಿರಬಲ್ಲ ಎಂಬುದಕ್ಕೆ ಶಾಫಿಈ ವಿದ್ವಾಂಸರು ಈ ಸೂಕ್ತವನ್ನು ಆಧಾರವಾಗಿ ತೋರಿಸುತ್ತಾರೆ. ಹಡಗು ಕಸಿಯುವ ಅರಸ ಇಂದಿಗೂ ಇದ್ದಾನೆ. ಕೆಲವೊಮ್ಮೆ ಆತ ಕಡಲ್ಗಳ್ಳನ ವೇಷದಲ್ಲಿ, ಕೆಲವೊಮ್ಮೆ ಸಂಬಳ ಕೊಡದೆ ಮಾಯವಾಗುವ ಮಾಲೀಕನ ವೇಷದಲ್ಲಿ ಬರುತ್ತಾನೆ.

ಹೀಗೆ ಲೆಕ್ಕ ಹಾಕಿದರೆ, ಏಜೆಂಟನಿಗೆ ಸಾಲ ಮಾಡಿ ಹಣ ಕೊಟ್ಟು, ಸಂಬಳ ಕಾಣದೆ, ಪರದೇಶದ ಬಂದರಿನಲ್ಲಿ ಸಿಲುಕಿದ ನಾವಿಕನು ಸಾಲಗಾರನೂ ಹೌದು, ಮಿಸ್ಕೀನನೂ ಹೌದು, ಮುಸಾಫಿರನೂ ಹೌದು. ಕಡಲ್ಗಳ್ಳರ ಕೈಗೆ ಸಿಕ್ಕರೆ ಬಿಡುಗಡೆಗೊಳಿಸಬೇಕಾದ ಸೆರೆಯಾಳೂ ಆಗುತ್ತಾನೆ. ಎಂಟು ವಿಭಾಗಗಳಲ್ಲಿ ನಾಲ್ಕು ಒಬ್ಬನೇ ಮನುಷ್ಯನಲ್ಲಿ ಸೇರುತ್ತವೆ. ಇಂತಹವನ ತಾಯಿಗೆ, ಇದು ನಮ್ಮ ಕೆಲಸವಲ್ಲ ಎಂದು ನಾನು ಹೇಳಿದ್ದೆ!

ಹೊನ್ನಾವರದಿಂದ ಕಿಶ್ ದ್ವೀಪದವರೆಗೆ

ನಮ್ಮದೇ ರಾಜ್ಯದ ಒಂದು ಹಳೆಯ ಪ್ರಸಂಗವನ್ನು ನೆನಪಿಸುತ್ತೇನೆ. 1340ರ ದಶಕದಲ್ಲಿ ಮೊರೊಕ್ಕೊದ ಇಬ್ನ್ ಬತೂತಾ ಕಲ್ಲಿಕೋಟೆಯ ಬಳಿ ಬಿರುಗಾಳಿಗೆ ಸಿಕ್ಕಿದ ಹಡಗುಗಳ ದುರಂತದಲ್ಲಿ ಜೊತೆಗಾರರನ್ನೂ ಸೊತ್ತನ್ನೂ ಕಳೆದುಕೊಂಡರು. ಆಗ ಅವರು ಆಶ್ರಯ ಪಡೆದದ್ದು ನಮ್ಮ ಹೊನ್ನಾವರದಲ್ಲಿ, ಅಲ್ಲಿನ ಸುಲ್ತಾನ ಜಮಾಲುದ್ದೀನರ ಬಳಿ. ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಪಾಠಶಾಲೆಗಳಿದ್ದ ಊರೆಂದು ಹೊನ್ನಾವರವನ್ನು ಅವರು ದಾಖಲಿಸಿದ್ದಾರೆ. ತನ್ನ ಹೆಣ್ಣುಮಕ್ಕಳನ್ನು ಓದಿಸುತ್ತಿದ್ದ ಊರೇ ಕಡಲು ಉಗುಳಿದ ಅಪರಿಚಿತನಿಗೂ ಬಾಗಿಲು ತೆರೆಯಿತು.

ಈಗ 2018ಕ್ಕೆ ಬನ್ನಿ. ಅದೇ ಹೊನ್ನಾವರ, ಭಟ್ಕಳ, ಕುಮಟಾ ತೀರದ 18 ಮಂದಿ ಮೀನುಗಾರರು ದುಬೈಯ ಬೋಟುಗಳಲ್ಲಿ ದುಡಿಯುತ್ತಿದ್ದರು. ಆ ವರ್ಷದ ಜುಲೈನಲ್ಲಿ ಗಡಿ ದಾಟಿದ ಆರೋಪದ ಮೇಲೆ ಅವರನ್ನು ಇರಾನ್ ವಶಕ್ಕೆ ಪಡೆಯಿತು. ಕಿಶ್ ದ್ವೀಪದ ಬಳಿ ಅವರು ತಿಂಗಳುಗಟ್ಟಲೆ ಸಿಲುಕಿಕೊಂಡರು. ಇತ್ತ ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಯಿತು. ಕೊಲ್ಲಿಯಲ್ಲಿರುವ ಭಟ್ಕಳಿ ಸಮುದಾಯದ ಸಂಘಟನೆಗಳು ಸುಮ್ಮನಿರಲಿಲ್ಲ. ವಿದೇಶಾಂಗ ಸಚಿವಾಲಯಕ್ಕೂ ರಾಯಭಾರ ಕಚೇರಿಗೂ ಪತ್ರ ಬರೆದು, ವಿಷಯವನ್ನು ಮತ್ತೆ ಮತ್ತೆ ಸರಕಾರದ ಮುಂದಿಟ್ಟವು. ಕೊನೆಗೆ ಅವರು ಬಿಡುಗಡೆಯಾಗಿ ಊರು ಸೇರಿದರು. ಸಂಘಟಿತವಾದ ಊರಿನ ಮಕ್ಕಳಿಗೆ ಧ್ವನಿ ಸಿಕ್ಕಿತು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಒಂಟಿ ಹುಡುಗನೊಬ್ಬ ಹೀಗೆ ಸಿಕ್ಕಿಬಿದ್ದರೆ ಪತ್ರ ಬರೆಯುವವರು ಯಾರು?

ಕಾಸರಗೋಡಿನ ಉದುಮ, ಕೋಟಿಕುಳಂ, ಪಾಲಕ್ಕುನ್ನು ಕಡೆಯ ಅನೇಕ ಮನೆಗಳವರು ಹಡಗಿನಲ್ಲಿ ದುಡಿಯುತ್ತಾರೆ. ಅಲ್ಲಿನವರು ಮರ್ಚೆಂಟ್ ನೇವಿ ಕ್ಲಬ್ ಕಟ್ಟಿಕೊಂಡಿದ್ದಾರೆ. ಒಂದೇ ವೃತ್ತಿಯವರು ಜಾತಿ ಮತ ನೋಡದೆ ಒಟ್ಟಾದರೆ, ಯಾರ ಮನೆಯಲ್ಲಿ ಯಾವ ಕಷ್ಟವಿದೆ ಎಂಬುದು ನೆರೆಯವರಿಗೆ ತಿಳಿದಿರುತ್ತದೆ. ಒಳನಾಡಿನಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಹಡಗಿಗೆ ಹೋಗುವ ನಮ್ಮಂತಹ ಊರುಗಳಿಗೆ ಆ ಬಲವಿಲ್ಲ. ಆ ಕೊರತೆಯನ್ನು ಜಮಾಅತ್ ತುಂಬಬೇಕು.

ಒಂಟಿ ಹಡಗಿನ ಮುಹಮ್ಮದ್

ಒಂಟಿತನ ಮನುಷ್ಯನನ್ನು ಏನು ಮಾಡುತ್ತದೆ ಎಂಬುದಕ್ಕೆ ಸಿರಿಯಾದ ಮುಹಮ್ಮದ್ ಆಯಿಶಾ ಎಂಬ ನಾವಿಕನ ಅನುಭವ ಜಗತ್ತಿಗೇ ಗೊತ್ತಿರುವಂಥದ್ದು. 2017ರ ಜುಲೈನಲ್ಲಿ ಈಜಿಪ್ಟಿನ ಅದಬಿಯ್ಯಾ ಬಂದರಿನಲ್ಲಿ ಎಂವಿ ಅಮಾನ್ ಎಂಬ ಹಡಗನ್ನು ತಡೆಹಿಡಿಯಲಾಯಿತು. ನ್ಯಾಯಾಲಯ ಅದರ ಕಾವಲುಗಾರನನ್ನಾಗಿ ಆತನನ್ನೇ ನೇಮಿಸಿತು. ತಾನು ಸಹಿ ಹಾಕಿದ ಕಾಗದದ ಅರ್ಥ ಆತನಿಗೆ ಬಹಳ ತಡವಾಗಿ ತಿಳಿಯಿತು. ಉಳಿದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಹೋದರು. ಆತ ಮಾತ್ರ ಕರೆಂಟಿಲ್ಲದ ಹಡಗಿನಲ್ಲಿ ಉಳಿದ. ಆತ ಹಡಗಿನಲ್ಲಿದ್ದಾಗಲೇ ತಾಯಿ ತೀರಿಕೊಂಡರು. ಬಿರುಗಾಳಿಯೊಂದು ಹಡಗನ್ನು ತೀರದ ಹತ್ತಿರ ತಳ್ಳಿದ ಬಳಿಕ, ಫೋನ್ ಚಾರ್ಜ್ ಮಾಡಲು ಮತ್ತು ಆಹಾರ ಕೊಳ್ಳಲು ಆತ ದಡಕ್ಕೆ ಈಜಿ ಹೋಗುತ್ತಿದ್ದ. 2021ರ ಏಪ್ರಿಲ್‌ನಲ್ಲಿ, ಸುಮಾರು ನಾಲ್ಕು ವರ್ಷಗಳ ನಂತರ, ಆತ ಮನೆ ಸೇರಿದ. ಅಂತಾರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟವು ಆತನ ಬದಲಿಗೆ ಇನ್ನೊಬ್ಬರನ್ನು ಕಾವಲುಗಾರನಾಗಿ ಒದಗಿಸಿದ ಮೇಲೆಯೇ ಅದು ಸಾಧ್ಯವಾಯಿತು.

ಹಡಗು ತಡೆಹಿಡಿದ ದೇಶ ಮುಸ್ಲಿಮರದ್ದು, ನಾವಿಕನೂ ಮುಸ್ಲಿಮ್. ತೀರದ ಮಸೀದಿಗಳಿಂದ ದಿನಕ್ಕೆ ಐದು ಬಾರಿ ಅದಾನ್ ಮೊಳಗುವ ನಾಡು ಅದು. ಆದರೂ ನಾಲ್ಕು ವರ್ಷ ಬೇಕಾಯಿತು.

ಇದು ಅಪರೂಪದ ಪ್ರಕರಣವೆಂದು ಭಾವಿಸಬೇಡಿ. ಅದೇ ಒಕ್ಕೂಟದ ಲೆಕ್ಕದ ಪ್ರಕಾರ 2024ರಲ್ಲಿ 300ಕ್ಕೂ ಹೆಚ್ಚು ಹಡಗುಗಳಲ್ಲಿ 3,000ಕ್ಕೂ ಹೆಚ್ಚು ನಾವಿಕರನ್ನು ಮಾಲೀಕರು ಕೈಬಿಟ್ಟಿದ್ದರು. ಅವರಲ್ಲಿ ಅತ್ಯಧಿಕ ಮಂದಿ ಭಾರತೀಯರು. ಮಾಲೀಕ ಒಂದು ದೇಶದವನು, ಹಡಗಿನ ಧ್ವಜ ಇನ್ನೊಂದು ದೇಶದ್ದು, ಸರಕು ಮೂರನೆಯ ದೇಶದ್ದು. ಲಾಭ ಹಂಚಿಕೊಳ್ಳುವಾಗ ಎಲ್ಲರೂ ಇರುತ್ತಾರೆ, ಹೊಣೆ ಹೊರುವಾಗ ಯಾರೂ ಇರುವುದಿಲ್ಲ.

ಯುದ್ಧಗಳೂ ಮೊದಲು ತಟ್ಟುವುದು ಇವರನ್ನೇ. ಗಾಝಾದ ಜನರ ನೋವು ನಮ್ಮೆಲ್ಲರ ನೋವು. ಆದರೆ ಅದರ ಹೆಸರಿನಲ್ಲಿ ಕೆಂಪು ಸಮುದ್ರದಲ್ಲಿ ವ್ಯಾಪಾರಿ ಹಡಗುಗಳ ಮೇಲೆ ದಾಳಿ ನಡೆದಾಗ ಸತ್ತವರು ಯಾರು? 2024ರ ಮಾರ್ಚ್‌ನಲ್ಲಿ ಟ್ರೂ ಕಾನ್ಫಿಡೆನ್ಸ್ ಎಂಬ ಹಡಗಿನಲ್ಲಿ ಮೂವರು ನಾವಿಕರು ಪ್ರಾಣ ಕಳೆದುಕೊಂಡರು. ಅವರು ಫಿಲಿಪ್ಪೀನ್ಸ್ ಮತ್ತು ವಿಯೆಟ್ನಾಮಿನ ಬಡ ದುಡಿಮೆಗಾರರು. ಒಬ್ಬ ಮಿಸ್ಕೀನನಿಗಾದ ಅನ್ಯಾಯಕ್ಕೆ ಇನ್ನೊಬ್ಬ ಮಿಸ್ಕೀನನ ಜೀವ ಪರಿಹಾರವಾಗಲಾರದು ಎಂಬುದನ್ನು ನಾವು ನಿರ್ಭೀತಿಯಿಂದ ಹೇಳಬೇಕು.

ಬಾಗಿಲು ತೆರೆದವರು

ಕಡಲ ಮುಸಾಫಿರನ ಸೇವೆಯಲ್ಲಿ ಕ್ರೈಸ್ತ ಸಹೋದರರು ನಮಗಿಂತ ಬಹಳ ಮುಂದಿದ್ದಾರೆ. ಇದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಾಗಬಾರದು. ಭಾರತದಿಂದ ಬ್ರಿಟಿಷ್ ಹಡಗುಗಳಲ್ಲಿ ಹೋದ ಲಸ್ಕರ್ ನಾವಿಕರು, ಅವರಲ್ಲಿ ಬಹುಮಂದಿ ಮುಸ್ಲಿಮರು, ಲಂಡನ್ನಿನ ಚಳಿಯಲ್ಲಿ ಬೀದಿಪಾಲಾಗುತ್ತಿದ್ದರು. ಅವರಿಗಾಗಿ 1857ರಲ್ಲಿ ಲೈಮ್‌ಹೌಸಿನಲ್ಲಿ ಒಂದು ಆಶ್ರಯ ಮನೆ ತೆರೆಯಿತು. ಅದಕ್ಕೆ ಮತಪ್ರಚಾರದ ಉದ್ದೇಶವೂ ಇತ್ತು ಎಂಬುದು ನಿಜ. ಆದರೆ ಅಲ್ಲಿ ಚಾವಣಿ ಇತ್ತು, ಊಟವಿತ್ತು. ಮುಂದೆ 1943ರಲ್ಲಿ ಸಿಲ್ಹೆಟ್‌ನ ಅಯ್ಯೂಬ್ ಅಲಿ ಮಾಸ್ಟರ್ ಮತ್ತು ಗೆಳೆಯರು ಲಂಡನ್ನಿನಲ್ಲಿ ಭಾರತೀಯ ನಾವಿಕರ ಕ್ಷೇಮಾಭಿವೃದ್ಧಿ ಲೀಗನ್ನು ಸ್ಥಾಪಿಸಿದರು. ಕಾಗದ ಓದಿ ಹೇಳುವುದು, ಅರ್ಜಿ ಬರೆಯುವುದು, ಊರಿಗೆ ಹಣ ಕಳುಹಿಸಿಕೊಡುವುದು, ಇಂತಹ ಸಣ್ಣ ಕೆಲಸಗಳಿಂದಲೇ ಅಯ್ಯೂಬ್ ಅಲಿ ನಾವಿಕರ ಮನಸ್ಸಿನಲ್ಲಿ ದೊಡ್ಡವರಾದರು.

ಇತ್ತೀಚಿನ ಒಂದು ಮಾದರಿಯೂ ಇದೆ. 2010ರ ಆಗಸ್ಟ್‌ನಲ್ಲಿ ಸೋಮಾಲಿಯಾದ ಕಡಲ್ಗಳ್ಳರು ಎಂವಿ ಸುಯೆಝ್ ಎಂಬ ಹಡಗನ್ನು ಅಪಹರಿಸಿದರು. ಅದರಲ್ಲಿದ್ದ 22 ಮಂದಿಯಲ್ಲಿ 6 ಮಂದಿ ಭಾರತೀಯರು, 4 ಮಂದಿ ಪಾಕಿಸ್ತಾನೀಯರು. ಪಾಕಿಸ್ತಾನದ ಮಾನವ ಹಕ್ಕು ಹೋರಾಟಗಾರ ಅನ್ಸಾರ್ ಬರ್ನಿ ಹಣ ಸಂಗ್ರಹಕ್ಕಾಗಿ ಓಡಾಡಿ, 2011ರ ಜೂನ್‌ನಲ್ಲಿ ಎಲ್ಲರ ಬಿಡುಗಡೆಗೆ ಕಾರಣರಾದರು. ನಮ್ಮ ದೇಶದ ನಾವಿಕರ ಪತ್ನಿಯರ ಕಣ್ಣೀರನ್ನು ಗಡಿಯಾಚೆಯ ಒಬ್ಬ ಮನುಷ್ಯ ತನ್ನದೆಂದು ಭಾವಿಸಿದರು. ಎರಡೂ ಕಡೆಯ ರಾಜಕಾರಣಿಗಳು ದ್ವೇಷದ ಭಾಷಣ ಮಾಡುವಾಗ ನಾವು ನೆನಪಿಸಿಕೊಳ್ಳಬೇಕಾದ ಸಂಗತಿಯಿದು.

ದಡದಲ್ಲಿ ಉಳಿದವರು

ಸಹೋದರಿಯರೇ, ಈಗ ನಿಮ್ಮ ಕಡೆಗೆ ಬರುತ್ತೇನೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಏಳು ಮಂದಿಯೊಂದಿಗೆ ಕಣ್ಮರೆಯಾಯಿತು. 2019ರ ಮೇ ತಿಂಗಳಲ್ಲಿ ನೌಕಾಪಡೆ ಮಹಾರಾಷ್ಟ್ರದ ಮಾಲ್ವಣ ಬಳಿ ಸಮುದ್ರದ ತಳದಲ್ಲಿ ಅದರ ಅವಶೇಷವನ್ನು ಪತ್ತೆ ಹಚ್ಚಿತು. ಆ ನಡುವಿನ ತಿಂಗಳುಗಳಲ್ಲಿ ಉಡುಪಿ ಮತ್ತು ಉತ್ತರ ಕನ್ನಡದ ಏಳು ಮನೆಗಳವರು ಪ್ರತಿ ಫೋನ್ ಕರೆಗೂ ಎದ್ದು ಕುಳಿತಿರಬೇಕು. ಮರಣದ ಸುದ್ದಿಗಿಂತ ಸುದ್ದಿಯಿಲ್ಲದಿರುವುದು ಕ್ರೂರವಾದುದು.

ಇಂತಹ ಮನೆಯ ಹೆಣ್ಣುಮಗಳ ಸ್ಥಿತಿಯೇನು? ಅತ್ತ ಸುಮಂಗಲಿಯೂ ಅಲ್ಲ, ಇತ್ತ ಇದ್ದತ್ತಿನಲ್ಲಿ ಕೂರುವ ವಿಧವೆಯೂ ಅಲ್ಲ. ಬ್ಯಾಂಕು ಮರಣ ಪತ್ರ ಕೇಳುತ್ತದೆ. ಸಾಕ್ಷ್ಯ ಕಾನೂನಿನಂತೆ ಏಳು ವರ್ಷ ಸುದ್ದಿಯಿಲ್ಲದವನನ್ನು ಮೃತನೆಂದು ಭಾವಿಸಬಹುದು. ಆದರೆ ಪತಿಯ ಸುಳಿವು ನಾಲ್ಕು ವರ್ಷ ಸಿಗದಿದ್ದರೆ ಪತ್ನಿಯು ನ್ಯಾಯಾಲಯದ ಮೂಲಕ ವಿವಾಹ ವಿಚ್ಛೇದನ ಪಡೆಯಬಹುದೆಂದು 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾನೂನು ಹೇಳುತ್ತದೆ. ತೀರ್ಪು ಜಾರಿಗೆ ಬರಲು ಆರು ತಿಂಗಳ ಕಾಲಾವಕಾಶವಿದೆ. ಅಷ್ಟರಲ್ಲಿ ಪತಿ ಮರಳಿ ಬಂದು ಸಂಸಾರ ನಡೆಸಲು ಸಿದ್ಧನೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿದರೆ ತೀರ್ಪು ರದ್ದಾಗುತ್ತದೆ. ನಮ್ಮ ಹನಫೀ ಗ್ರಂಥಗಳ ಹಳೆಯ ಅಭಿಪ್ರಾಯದಂತೆ ಆಕೆ ಬಹುತೇಕ ಜೀವಮಾನವಿಡೀ ಕಾಯಬೇಕಿತ್ತು. ಆ ಕಷ್ಟವನ್ನು ಮನಗಂಡು ಮೌಲಾನಾ ಅಶ್ರಫ್ ಅಲಿ ಥಾನವಿಯಂತಹ ಉಲಮಾಗಳೇ ಮಾಲಿಕೀ ಅಭಿಪ್ರಾಯವನ್ನು ಸ್ವೀಕರಿಸುವ ದಾರಿ ತೋರಿಸಿದರು. ಈ ಹಕ್ಕನ್ನು ಆಕೆಗೆ ತಿಳಿಸಿಕೊಡುವವರು ಯಾರು? ಹಕ್ಕನ್ನು ಬಳಸದೆ ಕಾಯಲು ಬಯಸಿದರೆ ಆಕೆಯ ಮಕ್ಕಳ ಶಾಲಾ ಶುಲ್ಕ ಕಟ್ಟುವವರು ಯಾರು? ಬಾಯಿಗೆ ಬಂದಂತೆ ಮಾತನಾಡುವ ನೆರೆಯವರಂತೂ ಬೇಕಾದಷ್ಟು ಇರುತ್ತಾರೆ.

ನಾವು ಮಾಡಬಹುದಾದದ್ದು

ನಮ್ಮ ಊರುಗಳಲ್ಲಿ ಬಂದರಿಲ್ಲ. ಆದ್ದರಿಂದ ನಮ್ಮ ಸೇವೆ ಹಡಗು ಹತ್ತುವ ಮೊದಲೇ, ಮನೆಯಂಗಳದಲ್ಲೇ ಆರಂಭವಾಗಬೇಕು.

ಮೊದಲನೆಯದು ಎಚ್ಚರಿಕೆ. ನಾವಿಕರನ್ನು ನೇಮಿಸುವ ಸಂಸ್ಥೆಗೆ ಕೇಂದ್ರ ಸರಕಾರದ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಬೇಕು. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವುದು ಕಾನೂನುಬಾಹಿರ. ಹಾಗಾಗಿ ಲಕ್ಷಗಟ್ಟಲೆ ಕೇಳುವ ಏಜೆಂಟನೇ ಮೊದಲ ಅಪಾಯದ ಸೂಚನೆ. ವಿಸಿಟ್ ವೀಸಾದಲ್ಲಿ ಹಡಗು ಹತ್ತಿಸುವವನು ಎರಡನೆಯ ಸೂಚನೆ. ತಾಯಿಯ ಒಡವೆ ಮಾರುವ ಮೊದಲು ಜಮಾಅತಿನ ಒಬ್ಬ ವಿದ್ಯಾವಂತ ಯುವಕ ಆ ಪರವಾನಗಿಯನ್ನು ಪರಿಶೀಲಿಸಿ ಕೊಡಲಿ. ಕರಾರು ಪತ್ರ, ಪಾಸ್‌ಪೋರ್ಟ್ ಮತ್ತು ಸಿಡಿಸಿ ಪುಸ್ತಕದ ಪ್ರತಿ ಮನೆಯಲ್ಲಿರಲಿ. ಹಡಗಿನ ಹೆಸರನ್ನು ತಾಯಿಯೂ ಬಲ್ಲವರಾಗಿರಲಿ.

ಎರಡನೆಯದು ಜೊತೆಗಿರುವುದು. ನಾವಿಕರ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 2015ರಲ್ಲಿ ಅಂಗೀಕರಿಸಿದೆ. ಅದರಂತೆ ಎರಡು ತಿಂಗಳು ಸಂಬಳ ಕೊಡದಿದ್ದರೂ ನಾವಿಕನನ್ನು ಕೈಬಿಟ್ಟಂತೆಯೇ. ಊರಿಗೆ ಮರಳುವ ಖರ್ಚು ಮತ್ತು ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೆ ಮಾಲೀಕ ಮೊದಲೇ ಭದ್ರತೆ ಇಟ್ಟಿರಬೇಕು. ಮೀನುಗಾರಿಕಾ ಬೋಟುಗಳು ಈ ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅಲ್ಲಿ ದುಡಿಯುವವರ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ವಿದೇಶಾಂಗ ಸಚಿವಾಲಯದ ಮದದ್ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ದೂರು ದಾಖಲಿಸಬಹುದು. ಇದಕ್ಕೆ ಬೇಕಾದದ್ದು ಹಣವಲ್ಲ, ಅರ್ಧ ದಿನದ ಸಮಯ ಮತ್ತು ಆ ತಾಯಿಯ ಜೊತೆ ಕಚೇರಿಯ ಮೆಟ್ಟಿಲು ಹತ್ತುವ ಒಬ್ಬ ಮನುಷ್ಯ.

ಮೂರನೆಯದು ಹಣ. ಅರ್ಹ ಕುಟುಂಬಕ್ಕೆ ಝಕಾತಿನಿಂದ ನೇರವಾಗಿ ಕೊಡೋಣ. ವಕೀಲರ ಶುಲ್ಕ, ಪ್ರಯಾಣದ ಖರ್ಚು ಮುಂತಾದವುಗಳಿಗೆ ಸದಕಾದ ಪ್ರತ್ಯೇಕ ನಿಧಿ ಇರಲಿ. ಆ ನಿಧಿಯಿಂದ ಕೊಡುವಾಗ ಮುಸ್ಲಿಮನೇ ಅಲ್ಲವೇ ಎಂಬ ಪ್ರಶ್ನೆ ಬೇಡ. ಒಂದೇ ಬೋಟಿನಲ್ಲಿ ಮುಳುಗುವವರನ್ನು ಕಡಲು ಬೇರೆ ಬೇರೆಯಾಗಿ ನೋಡುವುದಿಲ್ಲ.

ಈಗ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಹನ್ನೊಂದು ತಿಂಗಳ ನಂತರ ಆತ ಮರಳಿ ಬಂದ. ನಾನು ಆತನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆತ ದೂರಲಿಲ್ಲ. ಲಂಗರು ಹಾಕಿದ ಹಡಗಿಗೆ ಸಣ್ಣ ದೋಣಿಯಲ್ಲಿ ಅಕ್ಕಿ, ನೀರು ಮತ್ತು ಫೋನಿನ ಸಿಮ್ ತಂದುಕೊಟ್ಟ ಒಬ್ಬ ವೃದ್ಧ ಪಾದ್ರಿಯ ಕಥೆ ಹೇಳಿದ. ಆತನ ಹೆಸರು ಕೇಳಿದ ಪಾದ್ರಿ, ಮುಂದಿನ ಬಾರಿ ಬರುವಾಗ ಒಂದು ಜಾನಮಾಝನ್ನೂ ತಂದಿದ್ದರಂತೆ. ಆ ಸಿಮ್‌ನಿಂದಲೇ ಆತ ತಾಯಿಗೆ ಫೋನ್ ಮಾಡಿದ್ದು. ಆತ ಉಂಡಿದ್ದಾನೋ ಇಲ್ಲವೋ ಎಂಬ ತಾಯಿಯ ಪ್ರಶ್ನೆಗೆ ಉತ್ತರ ತಲುಪಿಸಿದ್ದು ನಮ್ಮ ಕಮಿಟಿಯಲ್ಲ, ಆ ಪಾದ್ರಿ.

ಆ ಜಾನಮಾಝನ್ನು ಆತ ನನಗೆ ತೋರಿಸಿದಾಗ ನಾನು ತಲೆ ತಗ್ಗಿಸಿದೆ. ನಮ್ಮ ಮಸೀದಿಯ ಮಿನಾರದ ಹಸಿರು ದೀಪ ಆತನ ಮನೆಯ ಕಿಟಕಿಯಿಂದ ಕಾಣುತ್ತಿತ್ತು.

ಮುಂದಿನ ಶುಕ್ರವಾರ ನಿಮ್ಮ ಮಸೀದಿಯ ಗೇಟಿನ ಬಳಿ ಯಾವ ತಾಯಿ ನಿಂತಿರುತ್ತಾರೋ ತಿಳಿಯದು. ನಾನು ಕೊಟ್ಟ ಉತ್ತರವನ್ನು ನೀವು ಕೊಡದಿರಲಿ ಎಂಬುದಷ್ಟೇ ನನ್ನ ವಿನಂತಿ. ನೆಲದಲ್ಲೂ ನೀರಿನಲ್ಲೂ ಅಲೆಯುವ ಎಲ್ಲ ಮುಸಾಫಿರರನ್ನು ಅಲ್ಲಾಹನು ಸುರಕ್ಷಿತವಾಗಿ ಅವರ ಮನೆಗೆ ತಲುಪಿಸಲಿ. ಅವರು ಬರುವವರೆಗೆ ಅವರ ಮನೆಯನ್ನು ನೋಡಿಕೊಳ್ಳುವ ಸೌಭಾಗ್ಯವನ್ನು ನಮಗೆ ಕರುಣಿಸಲಿ. ಆಮೀನ್.